ಒಂದು ದಿನದ ದೊಡ್ಡ ಅಂಗಡಿ

ಬೆಳಿಗ್ಗೆ ದರ್ಜಿ ಅಂಗಡಿಯ ಬಾಗಿಲು ತೆರೆದ ಗಂಡ ಹೆಂಡತಿ ನೇರ ಕೆಲಸಕ್ಕಿಳಿದರು. ಮಾಸ್ಟರು ಕುಕ್ಕರುಗಾಲಲ್ಲಿ ಕೂತು ಬೂದಿಯಲ್ಲಿ ಬೆರಳಾಡಿಸಿ ಗುಂಡಿಗಳನ್ನು ಹೆಕ್ಕುತ್ತಿದ್ದರು. ಹೆಂಡತಿ ಒಂದೊಂದನ್ನೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಕರಗಿದ್ದನ್ನು ಒಂದು ಡಬ್ಬಿಗೂ ಉಳಿದದ್ದನ್ನು ಇನ್ನೊಂದು ಡಬ್ಬಿಗೂ ಹಾಕುತ್ತಿದ್ದಳು. ಕರಗಿದವುಗಳ ಡಬ್ಬಿಯೇ ಬೇಗ ತುಂಬುತ್ತಿತ್ತು.

ಹಿಂದಿನ ಮಧ್ಯಾಹ್ನ ಆದದ್ದು ಇಷ್ಟೇ. ಇಸ್ತ್ರಿ ಮಾಡುತ್ತಿದ್ದಾಗ ಕರೆಂಟು ಹೋಯಿತು. ಮಾಸ್ಟರು ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಊಟಕ್ಕೆ ಹೋದರು. ಅವರು ತಟ್ಟೆಯ ಮುಂದೆ ಕೂತಾಗ ಕರೆಂಟು ಬಂತು. ಫ್ಯಾನು ತಿರುಗಿದ್ದಕ್ಕೆ ಸಂತೋಷಪಟ್ಟು ಎರಡು ತುತ್ತು ಹೆಚ್ಚಿಗೆ ಉಂಡರು. ಆ ಎರಡು ತುತ್ತಿನ ಹೊತ್ತಿನಲ್ಲಿ ಮೇಜು, ಮೇಜಿನ ಮೇಲಿನ ಬಟ್ಟೆ, ಅದಕ್ಕೆ ಒತ್ತಿಕೊಂಡಿದ್ದ ಹೊಲಿಗೆ ಮಷಿನ್ನು ಎಲ್ಲ ಸುಟ್ಟುಹೋದವು.

ಇದ್ದದ್ದು ಅದೊಂದೇ ಮಷಿನ್ನು. ಅದಿಲ್ಲದಿದ್ದರೆ ದರ್ಜಿಯ ಬಳಿ ಉಳಿಯುವುದು ಕತ್ತರಿ ಮತ್ತು ಕೊರಳಲ್ಲಿ ನೇತಾಡುವ ಅಳತೆಯ ಟೇಪು ಮಾತ್ರ. ಆ ಟೇಪಿನಿಂದಲೇ ಬೀದಿಯವರೆಲ್ಲ ಅವರನ್ನು ಟೇಪು ಮಾಸ್ಟ್ರು ಎನ್ನುತ್ತಿದ್ದರು. ಹೊಲಿದು ಮಿಕ್ಕ ಚೂರು ಬಟ್ಟೆಯನ್ನೂ ಮಡಿಸಿ ಹಿಂದಕ್ಕೆ ಕೊಡುವ ಮನುಷ್ಯ. ಅದರಿಂದ ಹೆಸರೇನೂ ಬಂದಿರಲಿಲ್ಲ. "ಇಷ್ಟು ವಾಪಸ್ ಕೊಟ್ಟವನು ಎಷ್ಟು ಇಟ್ಕೊಂಡಿರಬೇಕು" ಎಂದು ಗಿರಾಕಿಗಳು ಟೇಪಿನ ಕಡೆಯೇ ಅನುಮಾನದಿಂದ ನೋಡುತ್ತಿದ್ದರು.

ಪುಣ್ಯಕ್ಕೆ ವಿಮೆ ಇತ್ತು. ಮಷಿನ್ನು ಕೊಂಡ ವರ್ಷ ಅದರ ಬೆಲೆಗೂ ಮೇಜಿನ ಬೆಲೆಗೂ ಸರಿಯಾಗಿ ವಿಮೆ ಮಾಡಿಸಿದ್ದರು. ಬೆಂಕಿ ಬೀಳದಿದ್ದರೂ ಕಂತು ವರ್ಷ ವರ್ಷ ಏರುತ್ತಿತ್ತು. ಮಾಸ್ಟರು ಗೊಣಗುತ್ತಲೇ ಕಟ್ಟುತ್ತಿದ್ದರು. ಇವತ್ತು ಮಧ್ಯಾಹ್ನ ಕಂಪನಿಯಿಂದ ನಷ್ಟ ಅಂದಾಜು ಮಾಡುವ ಸರ್ವೇಯರ್ ಒಬ್ಬರು ಬಂದು ನೋಡಿ ಹೋಗುತ್ತಾರೆಂದು ಫೋನು ಬಂದಿತ್ತು.

ಮೊದಲು ಬಂದು ವಿಚಾರಿಸಿದವನು ಎದುರಂಗಡಿಯಲ್ಲಿ ಕನ್ನಡಕ ಮಾರುವ ಕನ್ನಡಕದವನು.

"ಮಾಸ್ಟ್ರೇ, ಸರ್ವೇಯರ್ ಮುಂದೆ ಏನು ಹೇಳ್ತೀರಿ?"

"ಏನಿದೆ ಹೇಳೋಕೆ? ಮಷಿನ್ ಸುಟ್ಟಿದೆ, ಮೇಜು ಸುಟ್ಟಿದೆ."

"ಅಷ್ಟೇನಾ?" ಕನ್ನಡಕದವನು ತನ್ನ ಕನ್ನಡಕವನ್ನು ಹಣೆಗೇರಿಸಿದ. ಅವನ ಗಾಜಿನ ಕಪಾಟು ಒಡೆದಾಗ ಇಂಥದೇ ಒಂದು ಕಂಪನಿ ಅವನಿಗೆ ಏನೂ ಕೊಟ್ಟಿರಲಿಲ್ಲ. ಅಂದಿನಿಂದ ವಿಮೆ ಎಂದರೆ ಅವನಿಗೆ ಹಳೆಯ ಹಲ್ಲುನೋವು. "ನೀವು ಬಟ್ಟೆ ಕತ್ತರಿಸೋವಾಗ ಹೊಲಿಗೆಗೆ ಅಂತ ಅಂಚಲ್ಲಿ ಸ್ವಲ್ಪ ಬಿಡ್ತೀರೋ ಇಲ್ವೋ?"

"ಬಿಡಲೇಬೇಕಲ್ಲ."

"ನಷ್ಟಕ್ಕೂ ಹಾಗೇ ಸ್ವಲ್ಪ ಬಿಡಬೇಕು. ಅವರು ಹೇಗೂ ಕತ್ತರಿಸ್ತಾರೆ. ಅಳತೆಗೆ ಸರಿಯಾಗಿ ಹೇಳಿದ್ರೆ ಕೈಗೆ ಬರೋದು ತೋಳಿಲ್ಲದ ಅಂಗಿ."

ಮಾಸ್ಟರಿಗೆ ಬೇರೆ ಯಾರಾದರೂ ಬೇರೆ ಯಾವುದಾದರೂ ಹೋಲಿಕೆ ಕೊಟ್ಟಿದ್ದರೆ ತಲೆಗೆ ಹೋಗುತ್ತಿರಲಿಲ್ಲವೇನೋ. ಇದು ಸೂಜಿಗೆ ದಾರ ಹೋದ ಹಾಗೆ ಹೋಯಿತು.

"ನಮ್ಮದು ಸುಟ್ಟದ್ದು ನಿಜ ತಾನೇ? ನಿಜ ಹೇಳಿದ್ರೆ ಸಾಲದಾ?" ಎಂದಳು ಹೆಂಡತಿ.

"ಅತ್ತಿಗೆ, ಇದೇನು ಕಳ್ಳತನ ಅಲ್ಲ. ಇಷ್ಟು ವರ್ಷ ಕಟ್ಟಿದ್ದು ನಿಮ್ಮದೇ ದುಡ್ಡು. ಅದನ್ನೇ ವಾಪಸ್ ತಗೊಳ್ಳೋದು."

"ಎಲ್ಲರೂ ಹೀಗೇ ವಾಪಸ್ ತಗೊಂಡಿದ್ದಕ್ಕೇ ಕಂತು ಏರಿರೋದು. ಅವರ ಸುಳ್ಳಿಗೆ ನಾವು ಕಟ್ಟಿದ್ದು, ನಮ್ಮ ಸುಳ್ಳಿಗೆ ಇನ್ಯಾರೋ ಕಟ್ಟಬೇಕಾ?"

ಉತ್ತರ ಹೊಳೆಯದಾಗ ಕನ್ನಡಕದವನು ಇನ್ನಷ್ಟು ಜನರನ್ನು ಕರೆಯುತ್ತಿದ್ದ. ಈಗಲೂ ಹಾಗೇ ಮಾಡಿದ. ಸ್ವಲ್ಪ ಹೊತ್ತಿಗೆ ಕಟ್ಟಡದ ಒಡತಿ ಮಹಡಿಯಿಂದ ಇಳಿದು ಬಂದರು. ಎಲ್ಲರೂ ಅವರನ್ನು ಮಹಡಿಯಮ್ಮ ಎನ್ನುತ್ತಿದ್ದರು. ಅವರ ಬೆನ್ನಿಗೇ ಮಾಸ್ಟರ ಭಾವಮೈದುನ ಬಂದ. ಅವನದು ಮೂಲೆಯ ಸಿದ್ಧ ಉಡುಪಿನ ಅಂಗಡಿ; ವ್ಯಾಪಾರ ಕಡಿಮೆ, ಉತ್ಸಾಹ ಜಾಸ್ತಿ.

"ನೋಡಪ್ಪಾ," ಎಂದರು ಮಹಡಿಯಮ್ಮ, "ನನ್ನ ಗೋಡೆ ಕಪ್ಪಾಗಿದೆ. ಬಣ್ಣದ ಖರ್ಚನ್ನೂ ಅದರಲ್ಲೇ ಸೇರಿಸ್ಬಿಡು. ನನ್ನ ಹಳೇ ಪರದೆ ಒಂದು ರಾಶಿ ಇದೆ, ಅಂಚು ಸುಟ್ಟು ಕೊಡ್ತೀನಿ. ಗಿರಾಕಿಗಳ ಬಟ್ಟೆ ಅಂತ ಹೇಳು."

"ಬರೀ ಸುಟ್ಟದ್ದು ಇಟ್ರೆ ಕಸದ ತೊಟ್ಟಿ ಥರ ಕಾಣುತ್ತೆ," ಎಂದ ಭಾವಮೈದುನ. "ಭಾವ, ಸರ್ವೇಯರ್ ಒಳಗೆ ಬಂದ ತಕ್ಷಣ ಇದು ದೊಡ್ಡ ಅಂಗಡಿ ಅನ್ನಿಸ್ಬೇಕು. ದೊಡ್ಡವರ ನಷ್ಟಾನ ಯಾರೂ ಪ್ರಶ್ನೆ ಮಾಡಲ್ಲ. ಸುಡದೇ ಇರೋ ಒಳ್ಳೇ ಸಾಮಾನೂ ಜೊತೆಗಿರ್ಬೇಕು."

ಅಲ್ಲಿದ್ದವರೆಲ್ಲ ತಲೆದೂಗಿದರು. ಇಷ್ಟು ಬುದ್ಧಿ ಇರುವವನ ಅಂಗಡಿ ಯಾಕೆ ನಡೆಯುತ್ತಿಲ್ಲ ಎಂದು ಯಾರೂ ಕೇಳಲಿಲ್ಲ.

ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಲೋಕ ಕಂಡಿದೆ. ಆರಿದ ಅಂಗಡಿಗೆ ಗಳ ತಂದು ತುಂಬುವವರನ್ನು ಮಾಸ್ಟರು ಆವತ್ತೇ ಕಂಡದ್ದು. ಭಾವಮೈದುನ ಸೂಟಿನ ಬಟ್ಟೆಯ ಥಾನುಗಳನ್ನು ಹೆಗಲ ಮೇಲೆ ಹೊತ್ತು ತಂದ. ಆಮೇಲೆ ಕೋಟು ಹಾಕಿದ ಗೊಂಬೆಗಳನ್ನು ಒಂದೊಂದಾಗಿ ಸೊಂಟ ಹಿಡಿದು ರಸ್ತೆ ದಾಟಿಸಿದ. ದೂರದಿಂದ ನೋಡಿದವರು ಯಾರೋ ಮೂರ್ಛೆ ಹೋದ ನೆಂಟರೆಂದು ನೀರು ಹಿಡಿದು ಓಡಿಬಂದರು. ಒಂದು ಗೊಂಬೆಯ ಕೈ ದಾರಿಯಲ್ಲೇ ಕಳಚಿತು. ಅದನ್ನು ಅವನು ಕಂಕುಳಲ್ಲಿ ಸಿಕ್ಕಿಸಿಕೊಂಡ.

ಕನ್ನಡಕದವನು ಆಳೆತ್ತರದ ಕನ್ನಡಿಯನ್ನೂ ಹೊಸ ಗಾಜಿನ ಕಪಾಟನ್ನೂ ತಂದಿಟ್ಟ. ಮಹಡಿಯಮ್ಮನದು ಎಲ್ಲಕ್ಕಿಂತ ದೊಡ್ಡ ಕಾಣಿಕೆ: ಮಗಳು ಹಟ ಹಿಡಿದು ಕೊಂಡು, ಒಂದು ಹೂವನ್ನೂ ಹಾಕದೆ ಬಿಟ್ಟುಹೋದ ಕಸೂತಿಯ ವಿದೇಶಿ ಯಂತ್ರ. ಅದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಮಾಸ್ಟರು ಟೇಪು ತೆಗೆದು ಮೆಟ್ಟಿಲನ್ನೂ ಯಂತ್ರವನ್ನೂ ಅಳೆದು, "ಇದು ಇಳಿಯಲ್ಲ" ಎಂದರು. ಅವರ ಮಾತಿನಲ್ಲಿ ಸಣ್ಣ ಆಸೆಯೊಂದು ಇತ್ತು. ಅಷ್ಟರಲ್ಲಿ ಮಹಡಿಯಮ್ಮ ಮೇಲಿಂದ ಒಂದು ನೂಕು ನೂಕಿದರು. ಇಳಿಯಿತು.

"ಸಾಕು ಬಿಡ್ರಪ್ಪಾ," ಎಂದರು ಮಾಸ್ಟರು. ನಿಲ್ಲಲು ಜಾಗ ಸಿಗದೆ ಅವರು ಹೊಸ್ತಿಲ ಹೊರಗೆ ಬಂದಿದ್ದರು.

"ಸುಮ್ನಿರಿ ಮಾಸ್ಟ್ರೇ. ನಿಮ್ಮ ಅಂಗಡಿ ನಿಮಗೇ ಗೊತ್ತಾಗ್ಬಾರ್ದು, ಹಾಗಿರ್ಬೇಕು," ಎಂದ ಕನ್ನಡಕದವನು. ಅವನು ಮೇಣದ ಬತ್ತಿ ಹಿಡಿದು ಪರದೆಗಳ ಅಂಚು ಸುಡುತ್ತಿದ್ದ. ಮಾತಿನ ಭರದಲ್ಲಿ ಮೀಸೆಯ ಎಡಭಾಗವೂ ಸ್ವಲ್ಪ ಹೋಯಿತು. ಅದೂ ನಷ್ಟದಲ್ಲಿ ಸೇರುತ್ತದಾ ಎಂದು ಭಾವಮೈದುನ ಕೇಳಿದ. ಕನ್ನಡಕದವನು ನಗಲಿಲ್ಲ.

ಹೆಂಡತಿ ಮಾತ್ರ ಗುಂಡಿಯ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ಒಂದು ಗೊಂಬೆಯ ಪಕ್ಕ ಕೂತಿದ್ದಳು. "ರೀ, ಇನ್ನೂ ಹೊತ್ತಿದೆ. ಎಲ್ಲಾ ತಗೊಂಡು ಹೋಗಿ ಅಂತ ಹೇಳಿ," ಎಂದಳು.

ಮಾಸ್ಟರು ಬಾಯಿ ತೆರೆದರು. ಹೊಲಿಗೆಗೆ ಬಿಡುವ ಅಂಚು ಇಷ್ಟಗಲ ಇರುವುದಿಲ್ಲ ಎಂದು ಹೇಳಬೇಕೆಂದೇ ಇತ್ತು. ಆದರೆ ಬೆವರು ಒರೆಸಿಕೊಳ್ಳುತ್ತಿರುವ ಇಷ್ಟು ಜನರಿಗೆ ಬೇಡ ಅನ್ನುವುದು ಹೇಗೆ? ಬೇಡ ಅನ್ನಲು ಬಾರದವರ ಬಾಯಿ ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಅಷ್ಟರಲ್ಲಿ ಸರ್ವೇಯರ್ ಬಂದರು, ಹೇಳಿದ್ದಕ್ಕಿಂತ ಮುಂಚೆಯೇ.

ಎಲ್ಲರೂ ದಪ್ಪ ಮೀಸೆಯ ಗದರುವ ಮನುಷ್ಯನನ್ನು ನಿರೀಕ್ಷಿಸಿದ್ದರು. ಬಂದದ್ದು ಮೆಲುದನಿಯ ಹೆಂಗಸು. ಚಪ್ಪಲಿಯನ್ನು ಹೊರಗೆ ಬಿಟ್ಟು, ಒಳಗೆ ಕಾಲಿಡಲು ಜಾಗ ಹುಡುಕಿ, ಒಂದು ಗೊಂಬೆಗೆ "ಸ್ವಲ್ಪ ಸರ್ಕೊಳ್ಳಿ" ಎಂದರು. ಗೊಂಬೆಯೆಂದು ತಿಳಿದ ಮೇಲೂ ಅವರ ಮುಖದಲ್ಲಿ ಬೇಸರವಿರಲಿಲ್ಲ.

"ಬೆಂಕಿ ಹೇಗಾಯ್ತು?"

ಮಾಸ್ಟರು ಕರೆಂಟು ಹೋದದ್ದು, ಬಂದದ್ದು, ಎರಡು ತುತ್ತು ಹೆಚ್ಚಿಗೆ ಉಂಡದ್ದು ಎಲ್ಲ ಹೇಳಿದರು. ಆವತ್ತು ಅವರು ಸರಾಗವಾಗಿ ಆಡಿದ ಮಾತು ಅದೊಂದೇ.

ಆಕೆ ಸುಟ್ಟ ಮಷಿನ್ನನ್ನು ಬಗ್ಗಿ ನೋಡಿ, ಫೋಟೋ ತೆಗೆದುಕೊಂಡರು. ಪರದೆಗಳ ರಾಶಿಯನ್ನು ಮುಟ್ಟಿ, ಬೆರಳು ಹಿಂದಕ್ಕೆಳೆದರು. "ಇನ್ನೂ ಬಿಸಿ ಇದೆಯಲ್ಲ."

ಕನ್ನಡಕದವನು ಮೀಸೆಯ ಎಡಭಾಗವನ್ನು ಅಂಗೈಯಲ್ಲಿ ಮುಚ್ಚಿಕೊಂಡ.

"ಪರವಾಗಿಲ್ಲ, ಇದನ್ನ ನಾನು ನೋಡ್ಲಿಲ್ಲ ಅಂದ್ಕೋತೀನಿ," ಎಂದು ಆಕೆ ಪರದೆಗಳನ್ನು ಪಕ್ಕಕ್ಕೆ ಸರಿಸಿದರು. ಎಲ್ಲರ ಎದೆಯೂ ಹಗುರಾಯಿತು. ಇಷ್ಟು ಒಳ್ಳೆಯ ಹೆಂಗಸಿಗೆ ಇನ್ನೂ ಸ್ವಲ್ಪ ಹೆಚ್ಚು ತೋರಿಸಬಹುದಿತ್ತೆಂದು ಭಾವಮೈದುನನಿಗೆ ಅನ್ನಿಸಿತು.

"ಈ ಕಸೂತಿ ಯಂತ್ರ ನಿಮ್ಮದೇನಾ?"

"ಹೂಂ," ಎಂದರು ಮಾಸ್ಟರು.

"ಈ ಥಾನುಗಳು? ಕಪಾಟು? ಕನ್ನಡಿ?"

ಮಾಸ್ಟರ ಹೂಂಕಾರ ಒಂದಕ್ಕಿಂತ ಒಂದು ಸಣ್ಣದಾಗುತ್ತಾ ಹೋಗಿ, ಕೊನೆಯದು ಸೊಳ್ಳೆಯಷ್ಟಾಯಿತು.

"ಸಂಕೋಚದ ಮನುಷ್ಯ, ಮೇಡಂ," ಎಂದು ಕನ್ನಡಕದವನು ನಡುವೆ ಬಂದ. "ಒಳಗಿರೋದೆಲ್ಲಾ ಅವರದೇ. ಬೀದಿಗೇ ಗೊತ್ತು."

"ನಾವೆಲ್ಲಾ ಸಾಕ್ಷಿ," ಎಂದರು ಮಹಡಿಯಮ್ಮ.

ಆಕೆ ಪ್ರತಿಯೊಂದರ ಫೋಟೋ ತೆಗೆದರು. ಕೈ ಕಳಚಿದ ಗೊಂಬೆಯದೂ ತೆಗೆದರು. ಆಮೇಲೆ ಸ್ಟೂಲಿನ ಮೇಲೆ ಕೂತು, ಮೊದಲ ಸಲ ನಿಟ್ಟುಸಿರು ಬಿಟ್ಟರು.

"ನಿಮ್ಮದು ಚಿಕ್ಕ ಅಂಗಡಿ, ಒಂದೇ ಮಷಿನ್ ಅಂತ ನಮ್ಮ ಕಾಗದದಲ್ಲಿ ಇತ್ತು. ಸುಟ್ಟಿರೋದನ್ನ ಕಣ್ಣಲ್ಲಿ ನೋಡಿ, ಹೊಸ ಮಷಿನ್ನಿಗೆ ಪೂರ್ತಿ ದುಡ್ಡು ಮಂಜೂರು ಮಾಡಿ ಬಾ ಅಂತಲೇ ನನ್ನನ್ನ ಕಳ್ಸಿದ್ದು. ಆದ್ರೆ ಇಷ್ಟು ದೊಡ್ಡ ಅಂಗಡಿ ಅಂತ ಗೊತ್ತಿರ್ಲಿಲ್ಲ."

"ದೊಡ್ಡದಾದ್ರೆ ಒಳ್ಳೇದೇ ಅಲ್ವಾ ಮೇಡಂ?" ಎಂದ ಭಾವಮೈದುನ.

"ನಿಯಮ ಒಂದಿದೆ. ಅಂಗಡೀಲಿ ಸುಟ್ಟದ್ದು, ಸುಡದೇ ಇರೋದು ಎಲ್ಲಾ ಸೇರಿ ಎಷ್ಟು ಬೆಲೆಯೋ ಅಷ್ಟಕ್ಕೂ ವಿಮೆ ಇರ್ಬೇಕು. ಇಲ್ಲಿರೋ ಸಾಮಾನು ಹತ್ತು ಪಾಲು ಅಂತಿಟ್ಕೊಳ್ಳಿ. ನೀವು ಕಂತು ಕಟ್ಟಿರೋದು ಒಂದು ಪಾಲಿಗೆ. ಹಾಗಾಗಿ ಸುಟ್ಟದ್ದರಲ್ಲೂ ಹತ್ತರಲ್ಲೊಂದು ಪಾಲೇ ಸಿಗೋದು. ಪೂರ್ತಿಗೆ ಕಂತು ಕಟ್ಟಿದವರಿಗೆ ಅನ್ಯಾಯ ಆಗ್ಬಾರ್ದಲ್ಲ."

ಹತ್ತರಲ್ಲೊಂದು ಪಾಲಿಗೆ ಮಷಿನ್ನಿನ ಯಾವ ಭಾಗ ಬರುತ್ತದೆ ಎಂದು ಮಾಸ್ಟರು ಯೋಚಿಸಿದರು. ಕಾಲಿನಿಂದ ಒತ್ತುವ ಹಲಗೆ ಬರಬಹುದು.

"ಇವೆಲ್ಲಾ ಇಲ್ದೇ, ಬರೀ ನಮ್ಮ ಮಷಿನ್ ಇದ್ದಿದ್ರೆ?" ಎಂದು ಹೆಂಡತಿ ಕೇಳಿದಳು. ಉತ್ತರ ಅವಳಿಗೆ ಗೊತ್ತಿತ್ತು. ಕೇಳಬೇಕಾದವರು ಕೇಳಲಿ ಎಂದೇ ಕೇಳಿದ್ದು.

"ಪೂರ್ತಿ ಸಿಗ್ತಿತ್ತು, ಅಮ್ಮ. ಇನ್ನು ಬರೋ ವರ್ಷದಿಂದ ಕಂತನ್ನೂ ಈ ಎಲ್ಲಾ ಸಾಮಾನಿನ ಬೆಲೆಗೆ ಕಟ್ಟಬೇಕಾಗುತ್ತೆ." ಆಕೆ ಎದ್ದು ನಿಂತರು. ಮಾಸ್ಟರ ಮುಖ ನೋಡಿ ಏನನ್ನಿಸಿತೋ, ದನಿ ಇನ್ನಷ್ಟು ಮೆತ್ತಗೆ ಮಾಡಿದರು. "ಇದರಲ್ಲಿ ಬೇರೆಯವರ ಸಾಮಾನು ಏನಾದ್ರೂ ಇದ್ರೆ ಈಗಲೇ ಹೇಳಿ, ಲೆಕ್ಕದಿಂದ ತೆಗೀತೀನಿ. ಸಾಮಾನಿನವರು ಮುಂದೆ ಬಂದು, ಇದು ನಮ್ಮದು, ಇಂಥ ಕಾರಣಕ್ಕೆ ಇಲ್ಲಿ ತಂದಿಟ್ವಿ ಅಂತ ಬರೆದು ಸಹಿ ಹಾಕಿದ್ರೆ ಸಾಕು."

ಮಾಸ್ಟರು ತಿರುಗಿ ನೋಡಿದರು. ಮಹಡಿಯಮ್ಮ ತಮ್ಮ ಯಂತ್ರವನ್ನು ಜನ್ಮದಲ್ಲೇ ಕಂಡಿಲ್ಲವೆಂಬಂತೆ ಗೋಡೆಯ ಮಸಿಯನ್ನು ಪರೀಕ್ಷಿಸುತ್ತಿದ್ದರು. ಭಾವಮೈದುನ ಗೊಂಬೆಗಳ ಸಾಲಿನಲ್ಲಿ ಅವುಗಳಷ್ಟೇ ನೆಟ್ಟಗೆ ನಿಂತಿದ್ದ. ಕನ್ನಡಕದವನಿಗೆ ಇದ್ದಕ್ಕಿದ್ದ ಹಾಗೆ ಹತ್ತಿರದ್ದೂ ಕಾಣುತ್ತಿರಲಿಲ್ಲ, ದೂರದ್ದೂ ಕಾಣುತ್ತಿರಲಿಲ್ಲ.

"ಯಾರದು ಯಾವುದು ಅಂತ ಇವರಿಗೆ ಒಂದು ಮಾತು ಹೇಳ್ರಪ್ಪಾ," ಎಂದರು ಮಾಸ್ಟರು. ಮೂವರೂ ಒಬ್ಬರ ಹಿಂದೊಬ್ಬರು ಹೊಸ್ತಿಲು ದಾಟಿದ ಮೇಲೆ, ಸರ್ವೇಯರ್ ಹತ್ತರಲ್ಲೊಂದು ಪಾಲು ಎಂದು ಬರೆದುಕೊಂಡರು.