ಒಂಬತ್ತನೇ ಫೋಟೋ

ಪುಕ್ಕಲು ಡಾಕ್ಟರನಿಗೆ ಬೆಳಗಿನಿಂದ ಮನೆದೇವರು ನೆನಪಾಗುತ್ತಿರಲು ಕಾರಣ, ಚರ್ಮರೋಗ ವಿಭಾಗದ ನರ್ಸಮ್ಮ ಪಿಸುಗುಟ್ಟಿದ ಒಂದು ಮಾತು.

“ಇವತ್ತು ಪರೀಕ್ಷೇಲಿ ಹತ್ತು ಫೋಟೋ ಕೊಡ್ತಾರಲ್ಲ, ಅದ್ರಲ್ಲಿ ಒಂದು ಮೇಡಂದೇ ಅಂತೆ. ಹೋದ್ಸಲ ಒಬ್ಬ ಅದಕ್ಕೆ ಅರವತ್ತು ವರ್ಷ ಅಂತ ಬರೆದ. ಪಾಪ, ಇನ್ನೂ ಇಲ್ಲೇ ಇದಾನೆ.”

ಮುಖಕ್ಕೆ ಎಷ್ಟು ವಯಸ್ಸಾಗಿದೆ ಎಂದು ಅಳೆಯುವುದನ್ನು ಕಿರಿಯ ಡಾಕ್ಟರುಗಳಿಗೆ ಕಲಿಸುವುದು ಮೇಡಂ ಕೆಲಸ. ಹಣೆಯ ಗೆರೆ, ಕಣ್ಣ ಕೆಳಗಿನ ಚೀಲ, ಜೋತ ಕೆನ್ನೆ, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಅಂಕ ಹೆಚ್ಚಿದಷ್ಟೂ ಮುಖ ಮುದಿ. ಕೊನೆಗೆ ವಯಸ್ಸಿನ ಅಂದಾಜು. ಫೇಲಾದರೆ ಇನ್ನಾರು ತಿಂಗಳು ಅವರ ಕೈಕೆಳಗೇ ಇರಬೇಕು. ಅವರು ಸುಮ್ಮನೆ ಕನ್ನಡಕ ಸರಿಸಿದರೂ ನಮ್ಮ ಡಾಕ್ಟರ್ ಎದ್ದು ನಿಂತು ಕ್ಷಮೆ ಕೇಳುತ್ತಿದ್ದ.

ಸಾಲದ್ದಕ್ಕೆ, ಎರಡು ರಾತ್ರಿ ಡ್ಯೂಟಿ ಮುಗಿಸಿ ಮುಖವನ್ನೂ ತೊಳೆಯದೆ ಓಡಿಬಂದವನನ್ನು ಫೋಟೋ ತೆಗೆಯುವ ಮಾಮ ಬಾಗಿಲಲ್ಲೇ ಹಿಡಿದು ನೀಲಿ ಪರದೆಯ ಮುಂದೆ ನಿಲ್ಲಿಸಿದ.

“ಫೈಲಿಗೆ ಬೇಕಂತೆ. ನಗಬೇಡಿ.”

ನಗುವುದಕ್ಕೆ ಯಾರಿಗೆ ಪ್ರಾಣವಿತ್ತು?

ಫೋಟೋಗಳು ಬಂದವು. ಕಣ್ಣಿಗೆ ಕಪ್ಪು ಪಟ್ಟಿ, ಕೂದಲು ಕಾಣದಂತೆ ಬಿಳಿ ಟೋಪಿ. ಒಂದನೆಯದರ ಕೆನ್ನೆ ಮೇಡಂದೇ ಅನ್ನಿಸಿತು. ಎರಡನೆಯದರ ಗಲ್ಲ ಥೇಟ್ ಮೇಡಂ ಬಯ್ಯುವಾಗಿನ ಗಲ್ಲ. ಮೂರನೆಯದು ಪಟ್ಟಿಯೊಳಗಿಂದಲೇ ದುರುಗುಟ್ಟುತ್ತಿತ್ತು. ಯಾಕೆ ಬೇಕು ಗ್ರಹಚಾರ ಎಂದು ಒಂದೊಂದಕ್ಕೂ ಸೊನ್ನೆ ಸುತ್ತುತ್ತ, ಇಪ್ಪತ್ತೆಂಟು ವರ್ಷ ಎಂದು ಬರೆಯುತ್ತ ಹೋದ.

ಒಂಬತ್ತನೆಯದರಲ್ಲಿ ಕುರುಚಲು ಗಡ್ಡ ಕಂಡಿತು. ಅವನಿಗೆ ಹೋದ ಜೀವ ಬಂತು. ಮೇಡಂಗೆ ಗಡ್ಡವಿಲ್ಲ! ಬೆಳಗಿನಿಂದ ಅದುಮಿಟ್ಟಿದ್ದ ಸತ್ಯವೆಲ್ಲ ಒಮ್ಮೆಲೇ ಹೊರಬಿತ್ತು. ನಾಲ್ಕು, ನಾಲ್ಕು, ನಾಲ್ಕು. ವಯಸ್ಸು ಐವತ್ತೆಂಟು. ‘ಈತನಿಗೆ ಬದುಕಿನ ಮೇಲೆ ಆಸೆ ಉಳಿದಂತಿಲ್ಲ’ ಎಂದು ಕೆಳಗೆ ಷರಾ ಬೇರೆ.

ಸಂಜೆ ಮೇಡಂ ಕರೆಸಿದರು.

“ಒಂದನೇದು ನಮ್ಮಮ್ಮ. ಎಂಬತ್ತೊಂದು. ಇಪ್ಪತ್ತೆಂಟು ಅಂತೀಯಲ್ಲ, ಕಣ್ಣು ಎಲ್ಲಿಟ್ಟಿದ್ದೆ?”

“ನಿಮ್ಮ ಫೋಟೋ ಇರುತ್ತೇಂತ ಹೆದರಿ, ಮೇಡಂ...”

“ನನ್ನದು ಯಾಕಿಡ್ಲಿ? ನನ್ನ ವಯಸ್ಸು ನನಗೆ ಗೊತ್ತಿಲ್ವಾ?” ಮೇಡಂ ಕಾಗದ ತಿರುಗಿಸಿದರು. “ಆದ್ರೆ ಒಂಬತ್ತನೇದನ್ನ ಒಂದು ಗೆರೇನೂ ಬಿಡದೆ ನೋಡಿದೀಯ. ಅಂಕ ಎಲ್ಲಾ ಸರಿ. ವಯಸ್ಸು ಮಾತ್ರ ತಪ್ಪು.”

ಅವನಿಗೆ ಸ್ವಲ್ಪ ಧೈರ್ಯ ಬಂತು. “ಎಷ್ಟು ಮೇಡಂ?”

“ಇಪ್ಪತ್ತೊಂಬತ್ತು,” ಎಂದು ಅವರು ಆ ಫೋಟೋಗೆ ಅಂಟಿಸಿದ್ದ ಕಪ್ಪು ಪಟ್ಟಿ ಕಿತ್ತರು. ಅವನದೇ ಎರಡು ಕಣ್ಣು ಹೆದರಿಕೊಂಡು ಅವನನ್ನೇ ನೋಡುತ್ತಿದ್ದವು. ಹಿಂದೆ ನೀಲಿ ಪರದೆ.

“ಹೇಗಿದ್ರೂ ಇನ್ನಾರು ತಿಂಗಳು ಇಲ್ಲೇ ಇರ್ತೀಯ. ಹೊಸಬರಿಗೆ ಕಲಿಸೋಕೆ ಇಂಥ ಮುಖ ಹುಡುಕಿದ್ರೂ ಸಿಗಲ್ಲ. ನಾಳೆಯಿಂದ ಬಂದು ಸ್ಟೂಲ್ ಮೇಲೆ ಕೂತ್ಕೊ.”

ಮರುದಿನ ಅವನು ಸ್ಟೂಲಿನ ಮೇಲೆ ಕೂತ. ಮೊದಲ ಹೊಸಬಳು ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿ ಹೇಳಿದಳು:

“ಅರವತ್ತೆರಡು, ಮೇಡಂ.”

ಮೇಡಂ ಕನ್ನಡಕ ಸರಿಸಿದರು. “ನಿನ್ನೆ ಐವತ್ತೆಂಟಿತ್ತು.”