ಶೆಡ್ಡು, ಆಫೀಸು ತೋರಿಸುವವನ ಪಜೀತಿ

ಉಡುಪಿ ಸುತ್ತಮುತ್ತ ಆಫೀಸು, ಗೋಡೌನು ಕುದುರಿಸಿಕೊಡುವ ಬ್ರೋಕರ್ ನಾನು. ಮನೆ ಕೊಳ್ಳುವವರು ಅಡುಗೆಕೋಣೆ ನೋಡಿ ಹೋಗುತ್ತಾರೆ. ನನ್ನ ಗಿರಾಕಿಗಳು ಮುಂದಿನ ಹತ್ತು ವರ್ಷದ ಲಾಭ ನೋಡಲು ಬರುತ್ತಾರೆ. ಹಾಗಾಗಿ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ.

ಎತ್ತರದ ಶೆಡ್ಡು

ಕಾರ್ಕಳದ ಹತ್ತಿರ ಹಳೆಯ ಗೇರುಬೀಜ ಫ್ಯಾಕ್ಟರಿಯ ಶೆಡ್ಡೊಂದು ಮಾರಾಟಕ್ಕಿತ್ತು. ಆನ್‌ಲೈನ್ ಕಂಪನಿಗಳಿಗೆ ಗೋಡೌನು ಬೇಕು, ದುಡ್ಡು ಹಾಕುವುದಾದರೆ ಈಗ ಶೆಡ್ಡಿಗೇ ಎಂದು ಬೆಂಗಳೂರಿನಿಂದ ಒಬ್ಬರು ಬಂದರು. "ಎತ್ತರ ಚೆನ್ನಾಗಿರಬೇಕು, ಅಷ್ಟೇ" ಎಂದರು. ಶಟರ್ ಎತ್ತಿದರೆ ಒಳಗೆ ಮಾಲೀಕರ ಅಳಿಯ ಮತ್ತು ಸ್ನೇಹಿತರು ಶಟಲ್ ಬ್ಯಾಡ್ಮಿಂಟನ್ ಆಡುತ್ತಿದ್ದಾರೆ! ನಾನು ಕ್ಷಮೆ ಕೇಳಲು ಹೊರಟೆ. ಬಂದವರು ಶೂ ಬಿಚ್ಚಿ, "ಒಂದು ಗೇಮ್ ಆಡಬಹುದಾ?" ಎಂದರು.

ಆಮೇಲೆ ಊರಿಗೆ ಬಂದಾಗಲೆಲ್ಲ ಆಡಿಯೇ ಹೋದರು. ಕೊನೆಗೆ ನಾನೇ ಖರೀದಿಯ ಮಾತೆತ್ತಿದೆ.

"ಅವಸರ ಏನ್ರೀ? ಕೊಂಡರೆ ಗೋಡೌನು ಮಾಡಬೇಕಾಗುತ್ತೆ. ಆಮೇಲೆ ಆಡೋದೆಲ್ಲಿ?"

ಸಾಫ್ಟ್‌ವೇರ್‌ಗೆ ಮಾತ್ರ

ಮಣಿಪಾಲದಲ್ಲಿ ಗಲ್ಫಿನಿಂದ ಮರಳಿದ ಒಬ್ಬರ ಆಫೀಸು ಖಾಲಿ ಇತ್ತು. "ಸಾಫ್ಟ್‌ವೇರ್‌ನವರಿಗೆ ಮಾತ್ರ ಮಾರಾಯ್ರೇ" ಎಂದು ಅವರ ಹಠ. ಹುಡುಕಿ ಹುಡುಕಿ ಒಬ್ಬ ಯುವಕನನ್ನು ಕರೆದೊಯ್ದೆ.

"ನಮ್ಮವರೆಲ್ಲ ಮನೆಯಿಂದಲೇ ಕೆಲಸ ಮಾಡುವುದು" ಎಂದ ಅವನು.

"ಮತ್ತೆ ಆಫೀಸು ಎಂತಕ್ಕೆ?" ಎಂದರು ಮಾಲೀಕರು.

"ನನಗೆ ಹೆಣ್ಣು ನೋಡ್ತಾ ಇದ್ದಾರೆ. ಹೆಣ್ಣಿನ ಕಡೆಯವರಿಗೆ ಆಫೀಸು ನೋಡಬೇಕಂತೆ. ಮದುವೆಯವರೆಗೆ ಸಾಕು."

ಮಾಲೀಕರು ಕೈ ಚಾಚಿದರು. "ಹಾಗಾದರೆ ಒಮ್ಮೆ ಜಾತಕ ತನ್ನಿ. ಎಷ್ಟು ತಿಂಗಳಿಗೆ ಅಗ್ರಿಮೆಂಟ್ ಮಾಡುವುದೂಂತ ಗೊತ್ತಾಗಬೇಕಲ್ವಾ?"

ತುಂಬಿದ ಕಟ್ಟಡ

ಮುಂಬೈಯಲ್ಲಿ ಹೋಟೆಲಿರುವ ನಮ್ಮೂರಿನವರೊಬ್ಬರಿಗೆ ಪರ್ಕಳದಲ್ಲಿ ಕಟ್ಟಡ ಬೇಕಿತ್ತು. "ಖಾಲಿಯದ್ದು ಬೇಡ. ಬಾಡಿಗೆಗೆ ಜನ ಕೂತಿರುವ ಕಟ್ಟಡವೇ ಆಗಬೇಕು" ಎಂದರು. ಬಹಳ ಸಮಯದಿಂದ ಮಾರಾಟವಾಗದೆ ಉಳಿದಿದ್ದ ಕಟ್ಟಡದ ಮಾಲೀಕರಿಗೆ ಇದನ್ನು ತಿಳಿಸಿದೆ. "ಕರಕೊಂಡು ಬನ್ನಿ, ಜನ ಇರ್ತಾರೆ" ಎಂದರು.

ನಿಜಕ್ಕೂ ಇದ್ದರು. ಮೇಲಿನ ಮಹಡಿಯಲ್ಲಿ ಸಾಲಾಗಿ ಕಂಪ್ಯೂಟರುಗಳು, ಇಸ್ತ್ರಿ ಹಾಕಿದ ಶರ್ಟಿನ ಜನರು. ಎರಡು ಮುಖ ನನಗೆ ಗುರುತಾಯಿತು. ಮಾಲೀಕರು ಕಟ್ಟಿಸುತ್ತಿರುವ ಇನ್ನೊಂದು ಕಟ್ಟಡದಲ್ಲಿ ಸ್ಲ್ಯಾಬಿಗೆ ಹಲಗೆ ಕಟ್ಟುವ ಬಾಗಲಕೋಟೆ ಕಡೆಯವರು! ಮಾತಾಡಬಾರದು ಎಂದು ಅವರಿಗೆ ತಾಕೀತಾಗಿತ್ತಂತೆ. ಆದರೆ ಮುಂಬೈಯವರು ಒಬ್ಬನ ಹೆಗಲು ಮುಟ್ಟಿಯೇ ಕೇಳಿದರು:

"ನಿಮ್ಮದು ಯಾವ ಕೆಲಸ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. "ಸೆಂಟ್ರಿಂಗ್ ರೀ ಸರ."

ಮುಂಬೈಯವರ ಮುಖ ಅರಳಿತು. "ಓ, ಡೇಟಾ ಸೆಂಟರಾ? ಈಗ ಎಲ್ಲ ಕಡೆ ಅದೇ ಅಲ್ವಾ!"

ಮಾಲೀಕರು ಉಸಿರು ಬಿಟ್ಟರು. ಸಾಹೇಬರು ಇಷ್ಟು ಮೆಚ್ಚಿದ್ದು ಕಂಡು ಆ ಮನುಷ್ಯನಿಗೂ ಹುರುಪು ಬಂತು. ಎದ್ದು ನಿಂತು ಮೇಲೆ ಕೈ ತೋರಿಸಿದ:

"ಹೌದ್ರಿ ಸರ, ಈ ಬಿಲ್ಡಿಂಗಿಂದೂ ನಮ್ದ ಸೆಂಟ್ರಿಂಗ್ ರೀ. ಮ್ಯಾಲಿನ ಸ್ಲ್ಯಾಬ್ ಸೋರಾಕತ್ತೈತಲ್ರಿ, ಅದು ಮಾತ್ರ ನಮ್ಮ ತಪ್ಪಲ್ರಿ."