ಕೆಂಪಮ್ಮನ ಖಾಲಿ ಗುಣಿ

ನನಗೇ ಗೊತ್ತಿಲ್ಲದ ಸಂಗತಿಗಳನ್ನು ಇನ್ನೊಬ್ಬರಿಗೆ ವಿವರಿಸುವುದರಲ್ಲಿ ನಾನು ಗಟ್ಟಿಗ. ಈ ಗುಣ ನೋಡಿಯೇ ಸರ್ಕಾರ ನನಗೆ ಗ್ರಾಮಸೇವಕನ ಕೆಲಸ ಕೊಟ್ಟಿರಬೇಕೆಂದು ನನ್ನ ಹೆಂಡತಿಯ ಅನುಮಾನ. ಎಂಬತ್ತರ ದಶಕದ ಮೊದಲಲ್ಲಿ, ಕೋಲಾರದ ರಾಗಿ ಹೊಲಗಳಲ್ಲಿ ಬೆಳೆದ ನನ್ನನ್ನು ತಿಪಟೂರಿನ ತೆಂಗಿನ ತೋಟಗಳ ನಡುವೆ ತಂದು ಬಿಟ್ಟರು. ಹೊನ್ನವಳ್ಳಿ ಕಡೆಯ ರೈತರು ಹೊಸ ಸಂಕರ ತಳಿಯ ಸಸಿ ನೆಡುವಂತೆ ಮಾಡುವುದು ನನ್ನ ಪಾಲಿನ ಕೆಲಸ. ಬೇಗ ಫಲ, ಗೊನೆ ತುಂಬ ಕಾಯಿ ಎಂದು ನಾನು ಹೇಳಿದ್ದಕ್ಕೆಲ್ಲ ಅವರು ತಲೆಯಾಡಿಸುತ್ತಿದ್ದರು, ಮಜ್ಜಿಗೆ ಕೊಡುತ್ತಿದ್ದರು, "ನೋಡಾಣ ಬುಡಿ ಸ್ವಾಮಿ" ಎನ್ನುತ್ತಿದ್ದರು. ಸಸಿಯನ್ನು ಮಾತ್ರ ಒಬ್ಬರೂ ಒಯ್ಯಲಿಲ್ಲ. ಬೇಡ ಎಂದಿದ್ದರೆ ವಾದಿಸಬಹುದಿತ್ತು. ಹೂಂ ಎನ್ನುವವರ ಜೊತೆ ಏನು ಮಾಡುವುದೋ ನನಗೆ ತಿಳಿಯುತ್ತಿರಲಿಲ್ಲ.

ಅದೇ ಕಡೆಯ ಒಂದು ಊರಿನ ಕೆಂಪಮ್ಮ ಎಂಬ ಹಿರಿಯರ ಹಿತ್ತಲಲ್ಲಿ ಮುದಿ ಮರವೊಂದು ಉರುಳಿ ಗುಣಿ ಖಾಲಿಯಾಗಿತ್ತು. ಅವರಿಗೆ ಉಳಿದದ್ದು ಐದೇ ಮರ. ಆ ಜಾಗದಲ್ಲಿ ತಪ್ಪು ಸಸಿ ನೆಟ್ಟರೆ ತಿದ್ದಿಕೊಳ್ಳಲು ಅವರಿಗೆ ಆಯುಸ್ಸು ಸಾಲದು. "ಅದೆಲ್ಲಾ ಸರಿ ಸ್ವಾಮಿ, ಈ ಕಾಯಿ ಅಟ್ಟದಾಗೆ ಒಂದೊರ್ಸ ಕೂತ್ರೆ ಉಂಡೆ ಕೊಬ್ರಿ ಆಯ್ತದಾ, ಇಲ್ಲಾ ಕೊಳೀತದಾ?" ಎಂದು ಕೇಳಿದರು. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಸದ್ದು ಮಾಡುವ ತನಕ ಕಾಯುವ ಸೀಮೆ ಅದು. ನನ್ನ ಕರಪತ್ರದಲ್ಲಿ ಅಟ್ಟದ ಸುದ್ದಿಯೇ ಇರಲಿಲ್ಲ. ಬಿಸಿಲು ಬೇರೆ. ಸುಳ್ಳು ಹೇಳಲೂ ತ್ರಾಣವಿಲ್ಲದೆ "ಗೊತ್ತಿಲ್ಲ ಕಣಮ್ಮ" ಎಂದುಬಿಟ್ಟೆ.

ಮುಂದಿನ ವಾರ ಹೋದರೆ, ಪಂಚಾಯ್ತಿ ಕಟ್ಟೆಯ ಬಳಿ ಬಾಡುತ್ತಿದ್ದ ನನ್ನ ಸಸಿಗಳಲ್ಲೊಂದು ಆ ಗುಣಿಯಲ್ಲಿ ನಿಂತಿತ್ತು. ನಾನು ಕಣ್ಣು ಕಣ್ಣು ಬಿಟ್ಟೆ. ಕೆಂಪಮ್ಮ ಹೇಳಿದರು: "ಇದುವರ್ಗೂ ಬಂದೋರೆಲ್ಲಾ ಎಲ್ಲಾ ಗೊತ್ತು ಅಂದ್ರು, ಒಬ್ರೂ ತಿರುಗಿ ಬರ್ಲಿಲ್ಲ. ನೀವು ಗೊತ್ತಿಲ್ಲ ಅಂದ್ರಲ್ಲ, ತಿಳ್ಕಳಕ್ಕಾದ್ರೂ ಬತ್ತೀರಿ ಅಂತ ನೆಟ್ಟೆ."

ಕೆಂಪಕ್ಕನೇ ನೆಟ್ಟವ್ರಂತೆ ಎಂದು ಉಳಿದವರೂ ಬಂದರು. ಹದಿನೈದು ದಿನದಲ್ಲಿ ಸಸಿಗಳೆಲ್ಲ ಖಾಲಿ. ಕೊನೆಗೂ ಗುಟ್ಟು ಸಿಕ್ಕಿತೆಂದು ಹಿಗ್ಗಿ, ಕಿಬ್ಬನಹಳ್ಳಿ ಕಡೆಯ ಇನ್ನೊಂದು ಊರಿಗೆ ಹೋದವನೇ, ಯಾರೂ ಕೇಳುವ ಮೊದಲೇ "ನನಗೇನೂ ಗೊತ್ತಿಲ್ಲ" ಎಂದು ಶುರುಮಾಡಿದೆ. ಮುಂದೆ ಕೂತಿದ್ದ ಗೌಡರೊಬ್ಬರು ಎಲೆಅಡಿಕೆ ಉಗುಳಿ ಬಂದು, "ಗೊತ್ತಿಲ್ದೇ ಇರೋದು ನಮಗೂ ಬತ್ತದೆ. ಅದಕ್ಕೆ ಸರ್ಕಾರದೋರು ಸಂಬಳ ಬೇರೆ ಕೊಡ್ತಾರಾ ಸ್ವಾಮಿ?" ಎಂದರು. ಅಲ್ಲಿ ಒಂದು ಸಸಿಯೂ ಹೋಗಲಿಲ್ಲ. ರೈತರು ಯಾವುದಕ್ಕೆ ಒಪ್ಪುತ್ತಾರೆ, ಯಾವುದಕ್ಕೆ ಒಪ್ಪುವುದಿಲ್ಲ ಎಂಬುದು ನನಗೆ ಪೂರ್ತಿ ಕಲಸಿಹೋಯಿತು.

ಅಷ್ಟರಲ್ಲಿ, ಎರಡು ವರ್ಷದಿಂದ ಗೋಗರೆಯುತ್ತಿದ್ದ ಕೋಲಾರದ ವರ್ಗಾವಣೆ ಬಂತು. ಹೇಳಿ ಹೋಗೋಣವೆಂದು ಕೆಂಪಮ್ಮನ ಮನೆಗೆ ಹೋದೆ. ಅವರು ಸಸಿಗೆ ನೀರು ಹಾಕುತ್ತಿದ್ದರು. ನನ್ನನ್ನು ಕಂಡು, "ಬಂದ್ರಲ್ಲ, ಅಷ್ಟೇ ಸಾಕು ಕಣಪ್ಪ" ಎಂದರು. ವರ್ಗಾವಣೆಯ ಮಾತೆತ್ತದೆ, ಅವರ ಕೈಯಿಂದ ಬಿಂದಿಗೆ ತೆಗೆದುಕೊಂಡು ಉಳಿದ ನೀರನ್ನು ನಾನೇ ಹಾಕಿದೆ.

ಮರುದಿನ, ವರ್ಗಾವಣೆ ಬೇಡವೆಂದು ಅರ್ಜಿ ಕೊಟ್ಟೆ. ಸಾಹೇಬರು ಕನ್ನಡಕ ತೆಗೆದು ಕಾರಣವೇನೆಂದು ಕೇಳಿದರು. "ಗೊತ್ತಿಲ್ಲ ಸಾರ್" ಎಂದೆ. ಅವರು ಮಾತ್ರ ನಂಬಲಿಲ್ಲ.